ಜೋಳದ ರೊಟ್ಟಿಗೆ ಗೋಧಿ ಬೇಡ, ಕುದಿಯುವ ನೀರು ಬೇಕು



ಇತ್ತೀಚಿನ ವರ್ಷಗಳಲ್ಲಿ ಆರ್ಡರ್ ಮಾತನಾಡಲು ಬರುವವರು ಸಿಹಿ ಯಾವುದು, ಪಲ್ಯ ಯಾವುದು ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: "ಜೋಳದ ರೊಟ್ಟಿ ಮಾಡಿಕೊಡ್ತೀರಾ?" ಮೊದಲು ಈ ಮಾತು ವಿಜಯಪುರ, ಕಲಬುರಗಿ, ಸೊಲ್ಲಾಪುರ ಕಡೆಯ ಮನೆಗಳಿಂದ ಮಾತ್ರ ಬರುತ್ತಿತ್ತು. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ, ರೊಟ್ಟಿಯ ರುಚಿಯನ್ನೇ ಕಾಣದ ಗಿರಾಕಿಗಳೂ ಕೇಳತೊಡಗಿದ್ದಾರೆ. ಸಕ್ಕರೆ ಕಾಯಿಲೆ ಇರುವವರು ಕೇಳುತ್ತಾರೆ, ಗೋಧಿ ಆಗದವರು ಕೇಳುತ್ತಾರೆ, ಊರಿನ ನೆನಪಿಗೆಂದು ಕೇಳುವವರೂ ಇದ್ದಾರೆ.

ನಮ್ಮಲ್ಲಿ ಹೆಚ್ಚಿನ ಸದಸ್ಯರು ಕರಾವಳಿ ಮತ್ತು ಮಲೆನಾಡಿನ ಕಡೆಯವರು. ಇಡ್ಲಿ, ನೀರುದೋಸೆ, ಪೂರಿ, ಹೋಳಿಗೆ ಎಂದರೆ ನಮ್ಮ ಅಡುಗೆಯವರ ಕೈ ತಾನಾಗಿ ಓಡುತ್ತದೆ. ಜೋಳದ ಹಿಟ್ಟು ಮುಟ್ಟಿದರೆ ಅದೇ ಕೈ ತಡವರಿಸುತ್ತದೆ. ಹಿಟ್ಟು ಕೂಡುವುದಿಲ್ಲ, ಅಂಚು ಒಡೆಯುತ್ತದೆ, ಎತ್ತುವಾಗ ಹರಿಯುತ್ತದೆ. ಆಗ ಎಲ್ಲರಿಗೂ ಹೊಳೆಯುವ ಸುಲಭ ದಾರಿ ಒಂದೇ: ಸ್ವಲ್ಪ ಗೋಧಿ ಹಿಟ್ಟೋ ಮೈದಾವೋ ಬೆರೆಸಿಬಿಡುವುದು. ಆ ದಾರಿ ಏಕೆ ತಪ್ಪು, ಅದಿಲ್ಲದೆ ರೊಟ್ಟಿ ಮಾಡುವುದು ಹೇಗೆ, ಇನ್ನೂರು ಮುನ್ನೂರು ಜನರ ಊಟಕ್ಕೆ ಅದನ್ನು ಹೊಂದಿಸುವುದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

ನಾವು ಮಾಡಿದ ತಪ್ಪು

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇವೆ. 2019ರಲ್ಲಿ ಪುಣೆಯಲ್ಲಿ ಒಂದು ನಿಶ್ಚಿತಾರ್ಥದ ಊಟ ವಹಿಸಿಕೊಂಡಿದ್ದೆವು. ಸುಮಾರು 250 ಜನ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು ಎಂದು ಮೆನು ನಿಗದಿಯಾಗಿತ್ತು. ನಮ್ಮಲ್ಲಿ ಕಾಯಂ ಆಗಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ಮನೆಯ ಮದುವೆಗೆಂದು ಊರಿಗೆ ಹೋಗಿದ್ದರು. ಚಪಾತಿ ಮಾಡುವ ಇಬ್ಬರು ಹುಡುಗರನ್ನೇ ಹಂಚಿನ ಮುಂದೆ ನಿಲ್ಲಿಸಿದೆವು. ಅವರು ಚಪಾತಿಗೆ ಕಲಸುವಂತೆಯೇ ಉಗುರುಬೆಚ್ಚನೆ ನೀರಿನಲ್ಲಿ ಹಿಟ್ಟು ಕಲಸಿದರು. ಮೊದಲ ಮೂವತ್ತು ನಲವತ್ತು ರೊಟ್ಟಿಗಳಲ್ಲಿ ಅರ್ಧಕ್ಕರ್ಧ ಚೂರಾದವು. ಕೌಂಟರಿನ ಮುಂದೆ ಜನ ಸೇರತೊಡಗಿದರು.

ಮುಖ್ಯ ಅಡುಗೆಯವರು ಬಂದು, "ಎರಡು ಬೊಗಸೆ ಗೋಧಿ ಹಿಟ್ಟು ಹಾಕಿದ್ರೆ ಕೂಡ್ತದೆ, ಹಾಕ್ಲಾ?" ಎಂದರು. ನಾವು "ಹೂಂ" ಎಂದೆವು. ರೊಟ್ಟಿ ಚೆನ್ನಾಗಿ ಬಂತು, ಸಾಲು ಕರಗಿತು, ನಮ್ಮ ಜೀವಕ್ಕೆ ಸಮಾಧಾನವಾಯಿತು.

ಊಟದ ನಡುವೆ ಒಬ್ಬ ತಾಯಿ ಬಡಿಸುವ ಹುಡುಗನನ್ನು ಕೇಳಿದರಂತೆ, "ತಮ್ಮಾ, ಇದ್ರಾಗ ಗೋಧಿ ಏನರ ಹಾಕೀರೇನು?" ಅವನು, "ಇಲ್ಲ ಅಕ್ಕ, ಪೂರಾ ಜೋಳ" ಎಂದ. ಅವನು ಸುಳ್ಳು ಹೇಳಲಿಲ್ಲ. ಗೋಧಿ ಬೆರೆಸಿದ್ದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ಆ ತಾಯಿಯ ಒಂಬತ್ತು ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ ಇತ್ತು, ಗೋಧಿಯನ್ನು ಪೂರ್ತಿ ಬಿಡಬೇಕೆಂದು ವೈದ್ಯರು ಹೇಳಿದ್ದರು. ಮದುವೆ ಮುಂಜಿಗಳಲ್ಲಿ ಚಪಾತಿ, ಪೂರಿ, ಹೋಳಿಗೆ ಎಲ್ಲವನ್ನೂ ಬಿಟ್ಟು ಕೂರುವ ಆ ಹುಡುಗ ಅಂದು ಸಂತೋಷದಿಂದ ಎರಡು ರೊಟ್ಟಿ ತಿಂದಿದ್ದ. ರಾತ್ರಿಯೆಲ್ಲ ಹೊಟ್ಟೆನೋವು, ವಾಂತಿ.

ಮರುದಿನ ಸಂಜೆ ಮನೆಯ ಯಜಮಾನರು ಫೋನ್ ಮಾಡಿದರು. ಕೂಗಾಡಲಿಲ್ಲ. "ನೀವು ಒಂದ್ ಮಾತು ಹೇಳಿದ್ರ ಸಾಕಿತ್ರೀ. ಹುಡುಗಗ ಅನ್ನ ಮೊಸರು ಉಣಸ್ತಿದ್ವಿ" ಎಂದಷ್ಟೇ ಹೇಳಿದರು. ರೊಟ್ಟಿಯ ಹಣವನ್ನು ನಾವು ಬಿಲ್ಲಿನಿಂದ ತೆಗೆದೆವು. ಆದರೆ ಆ ಮಾತು ಇಂದಿಗೂ ಕಿವಿಯಲ್ಲಿದೆ.

ಅಕ್ಕ ಊರಿನಿಂದ ಬಂದ ಮೇಲೆ ನಡೆದದ್ದನ್ನು ಹೇಳಿದೆವು. ಅವರು ಒಲೆಯ ಮೇಲೆ ಎಸರಿಟ್ಟು ತೋರಿಸಿದರು. "ಅಣ್ಣಾರ, ಎಸರು ಕುದೀಲಿಲ್ಲಂದ್ರ ಹಿಟ್ಟು ಒಂದಕ್ಕೊಂದು ಹಿಡಿಯಂಗಿಲ್ರೀ. ಕುದ್ದ ಮ್ಯಾಲ ಗೋಧಿ ಯಾಕ ಬೇಕು?" ಕೆಳಗಿನ ಪಾಠಕ್ಕೆ ಅವರ ಕೈಯೇ ಆಧಾರ. ಅದರ ಹಿಂದಿನ ಕಾರಣಗಳನ್ನು ನಾವು ಓದಿ, ಅಳೆದು, ಮಾಡಿ ನೋಡಿ ಸೇರಿಸಿದ್ದೇವೆ.

ಯೀಸ್ಟ್ ಇಲ್ಲದೆ ರೊಟ್ಟಿ ಉಬ್ಬುವುದು ಹೇಗೆ?

ಪಾವ್, ನಾನ್ ಮುಂತಾದವುಗಳಲ್ಲಿ ಯೀಸ್ಟ್ ಅಥವಾ ಹುಳಿ ಗಾಳಿಯನ್ನು ಹುಟ್ಟಿಸಿ ಹಿಟ್ಟನ್ನು ಉಬ್ಬಿಸುತ್ತದೆ. ನಮ್ಮ ರೊಟ್ಟಿ, ಚಪಾತಿಗಳಲ್ಲಿ ಆ ಕೆಲಸವನ್ನು ಆವಿ ಮಾಡುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ರೊಟ್ಟಿಯ ಒಳಗಿನ ಸ್ವಲ್ಪವೇ ನೀರು ಆವಿಯಾದರೂ ಸಾಕು, ಮೇಲಿನ ಪದರ ಕೆಳಗಿನದರಿಂದ ಬೇರೆಯಾಗಿ ಏಳುತ್ತದೆ. ಆದರೆ ಆ ಆವಿ ಹೊರಗೆ ಹೋಗದಂತೆ ತಡೆಯುವ ಗಟ್ಟಿ ಪದರ ಬೇಕು. ಬಿರುಕಿದ್ದರೆ ಆವಿ ಅಲ್ಲಿಂದಲೇ ಜಾರಿಹೋಗುತ್ತದೆ.

ಗೋಧಿಯಲ್ಲಿ ಆ ಪದರವನ್ನು ಕೊಡುವುದು ಗ್ಲುಟೆನ್. ಗೋಧಿಯ ಎರಡು ಬಗೆಯ ಪ್ರೋಟೀನುಗಳು ನೀರು ತಾಗಿ, ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತೆ ಹಿಗ್ಗುವ ಬಲೆಯಾಗುತ್ತವೆ. ಅದಕ್ಕೇ ಚಪಾತಿ ಹಿಟ್ಟು ತಣ್ಣೀರಿನಲ್ಲೂ ಕೂಡುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಪ್ರೋಟೀನು ನೀರಿನೊಂದಿಗೆ ಸುಲಭವಾಗಿ ಬೆರೆಯುವುದೂ ಇಲ್ಲ. ತಣ್ಣೀರಿನಲ್ಲಿ ಎಷ್ಟು ಹೊತ್ತು ನಾದಿದರೂ ಅದು ಒದ್ದೆ ಮರಳಿನಂತೆಯೇ ಉಳಿಯುತ್ತದೆ.

ಹಾಗಾದರೆ ಜೋಳವನ್ನು ಹಿಡಿದಿಡುವುದು ಯಾವುದು? ಅದರ ಪಿಷ್ಟ, ಅಂದರೆ ಗಂಜಿಯ ಅಂಶ. ಜೋಳದ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಶಾಖ ದಾಟಿದಾಗ ನೀರು ಹೀರಿ, ಊದಿ, ಅಂಟಾಗುತ್ತವೆ. ಅಕ್ಕಿ ಹಿಟ್ಟನ್ನು ನೀರಲ್ಲಿ ಕಾಯಿಸಿದರೆ ಸರಿಯಾಗುವಂತೆಯೇ ಇದು. ಹಿಟ್ಟಿನ ಸ್ವಲ್ಪ ಭಾಗ ಹೀಗೆ ಅಂಟಾದರೆ ಉಳಿದ ಹಿಟ್ಟನ್ನು ಅದೇ ಹಿಡಿದುಕೊಳ್ಳುತ್ತದೆ. ಅಕ್ಕಿ ರೊಟ್ಟಿಗೆ ಹಿಟ್ಟನ್ನು ಕುದಿನೀರಿನಲ್ಲಿ ಬೇಯಿಸಿಕೊಳ್ಳುವುದೂ, ಕೊಡಗಿನ ಅಕ್ಕಿ ಒಟ್ಟಿಗೆ ಅನ್ನವನ್ನು ಸೇರಿಸಿ ನಾದುವುದೂ ಇದೇ ಕಾರಣಕ್ಕೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಿ. ಕುದಿಯುವ ನೀರು 100 ಡಿಗ್ರಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ ತೂಕದ, 30 ಡಿಗ್ರಿಯ ಹಿಟ್ಟು ತಾಗಿದೊಡನೆ ಮಿಶ್ರಣ 75ರಿಂದ 80 ಡಿಗ್ರಿಗೆ ಇಳಿಯುತ್ತದೆ. ಅಂಟು ಬರಲು ಬೇಕಾದದ್ದಕ್ಕಿಂತ ಸ್ವಲ್ಪವೇ ಮೇಲೆ. ನೀರು 70 ಡಿಗ್ರಿ ಇದ್ದರೆ ಮಿಶ್ರಣ 60ಕ್ಕೂ ಕೆಳಗೆ ಬೀಳುತ್ತದೆ, ಆಗ ಅಂಟು ಬರುವುದೇ ಇಲ್ಲ. ಕೈಗೆ ಸುಡುವಷ್ಟು ಬಿಸಿ ಇದ್ದರೂ ಗೀಸರಿನ ನೀರು ಸಾಲದು ಎಂಬುದಕ್ಕೆ ಇದೇ ಕಾರಣ. ದೆಹಲಿಯ ಸದಸ್ಯರು ಇನ್ನೂ ಎಚ್ಚರವಾಗಿರಬೇಕು. ಜನವರಿಯ ಚಳಿಯಲ್ಲಿ ಹಿಟ್ಟೂ ತಣ್ಣಗೆ, ಪರಾತವೂ ತಣ್ಣಗೆ. ಅಲ್ಲಿ ಹಿಟ್ಟನ್ನು ಒಲೆಯ ಮೇಲಿನ ಪಾತ್ರೆಯಲ್ಲೇ ಬೆರೆಸಬೇಕು, ಪರಾತದಲ್ಲಿ ನೀರು ಸುರಿದು ಕಲಸಬಾರದು.

ಜೋಳ ಕೊಳ್ಳುವಾಗ

1. ಹೆಸರು ಸರಿಯಾಗಿ ಹೇಳಿ. ದಕ್ಷಿಣ ಕರ್ನಾಟಕದ ಕೆಲವು ಕಡೆ ಬರೀ "ಜೋಳ" ಎಂದರೆ ಮುಸುಕಿನ ಜೋಳ ಎಂದು ತಿಳಿಯುವವರಿದ್ದಾರೆ. ನಮಗೆ ಬೇಕಾದದ್ದು ಬಿಳಿ ಜೋಳ. ಮುಂಬಯಿ, ಪುಣೆಯಲ್ಲಿ ಜ್ವಾರಿ, ಹೈದರಾಬಾದಿನಲ್ಲಿ ಜೊನ್ನಲು, ಚೆನ್ನೈಯಲ್ಲಿ ಚೋಳಂ, ದೆಹಲಿಯಲ್ಲಿ ಜ್ವಾರ್ ಎಂದು ಕೇಳಿ. ಚೆನ್ನೈಯಲ್ಲಿ ಮಕ್ಕಾಚೋಳಂ ಎಂದರೆ ಮುಸುಕಿನ ಜೋಳ, ಅದು ಬೇರೆ.

2. ಹಿಂಗಾರಿ ಜೋಳ ಆರಿಸಿ. ಸೊಲ್ಲಾಪುರ, ವಿಜಯಪುರ ಭಾಗದ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಜೋಳ ರೊಟ್ಟಿಗೆ ಹೆಸರಾದದ್ದು. ಕಾಳು ದಪ್ಪ, ಮುತ್ತಿನಂತೆ ಹೊಳಪು, ರೊಟ್ಟಿಗೆ ಸಿಹಿ ರುಚಿ. ಮುಂಗಾರಿ ಜೋಳ ಅಗ್ಗ. ಆದರೆ ತೆನೆ ಬಲಿಯುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬಂದು ಕಪ್ಪಾಗುತ್ತದೆ, ರೊಟ್ಟಿಯ ಬಣ್ಣವೂ ರುಚಿಯೂ ಕೆಡುತ್ತದೆ. ಹಿಂಗಾರಿ ಜೋಳ ಒಣ ಹವೆಯಲ್ಲಿ ಬಲಿಯುವುದರಿಂದ ಈ ತೊಂದರೆ ಕಡಿಮೆ.

3. ಹಿಟ್ಟು ಹೊಸದಾಗಿರಲಿ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿದೆ. ಬೀಸಿದ ಮೇಲೆ ಅದಕ್ಕೆ ಗಾಳಿ ತಾಗಿ ಹಿಟ್ಟು ಬೇಗ ಮುಗ್ಗುತ್ತದೆ, ಕಹಿಯಾಗುತ್ತದೆ. ನಾವು ಆರ್ಡರಿಗೆ ಎರಡು ಮೂರು ದಿನ ಮೊದಲು ಗಿರಣಿಗೆ ಹಾಕಿಸುತ್ತೇವೆ. ಮುಂಬಯಿಯ ಮಳೆಗಾಲದಲ್ಲಿ ಹಿಂದಿನ ದಿನ. ಎಷ್ಟು ನುಣ್ಣಗೆ ಬೀಸಿದರೆ ಅಷ್ಟು ಒಳ್ಳೆಯದು. ತರಿ ಇದ್ದರೆ ಅಂಚು ಒಡೆಯುತ್ತದೆ.

4. ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮೊದಲು ಏನು ಬೀಸಿದ್ದರು ಎಂದು ಕೇಳಿ. ಗೋಧಿ ಬೀಸಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮದರಲ್ಲಿ ಸೇರುತ್ತದೆ. ಜೋಳದ ಹಿಂದೆ ಜೋಳವನ್ನೇ ಹಾಕಿಸಿ. ಸಾಮಾನ್ಯ ಊಟಕ್ಕೆ ಇಷ್ಟು ಸಾಕು. ಸೀಲಿಯಾಕ್ ಇರುವವರ ಮಾತು ಬೇರೆ, ಅದನ್ನು ಮುಂದೆ ಹೇಳಿದ್ದೇವೆ.

ಮಾಡುವ ವಿಧಾನ (2 ಕಿಲೋ ಹಿಟ್ಟಿಗೆ, ಸುಮಾರು 40 ರೊಟ್ಟಿ)

2 ಕಿಲೋ ಹಿಟ್ಟು ಜರಡಿ ಹಿಡಿದು, ಅದರಲ್ಲಿ 400 ಗ್ರಾಂ ಬಡಿಯುವಾಗ ಉದುರಿಸಲು ಬೇರೆ ತೆಗೆದಿಡಿ. ನಾದಲು 1,600 ಗ್ರಾಂ ಉಳಿಯಿತು.

ದಪ್ಪ ತಳದ ಪಾತ್ರೆಯಲ್ಲಿ 1.8 ಲೀಟರ್ ನೀರು ಎಸರಿಡಿ. ನೀರು ತಳದಿಂದ ಮರಳಿ ಕುದಿಯಬೇಕು. ಅದರಲ್ಲಿ 300 ಮಿಲಿಲೀಟರ್ ಬೇರೆ ಚೊಂಬಿನಲ್ಲಿ ತೆಗೆದು ಬಿಸಿಯಾಗಿಯೇ ಇಡಿ. ಉಳಿದ ಕುದಿನೀರಿಗೆ ಹಿಟ್ಟನ್ನು ಒಮ್ಮೆಲೇ ಹಾಕಿ, ಉರಿ ಆರಿಸಿ, ಮರದ ಕೋಲಿನಿಂದ ತಿರುವಿ. ಗಂಟು ಗಂಟಾಗಿ ಕಾಣುತ್ತದೆ, ಹೆದರಬೇಡಿ. ಮುಚ್ಚಿ 10 ನಿಮಿಷ ಬಿಡಿ. ಶಾಖ ಒಳಗೆಲ್ಲ ಹರಡುವುದು ಈ ಹೊತ್ತಿನಲ್ಲೇ. ಅವಸರದಲ್ಲಿ ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ.

ಆಮೇಲೆ ಪರಾತಕ್ಕೆ ಹಾಕಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಲು ಆರಂಭಿಸಿ. ಇಡೀ ಮುದ್ದೆಯನ್ನು ಒಮ್ಮೆಗೇ ನಾದಲಾಗದು. ಅರ್ಧ ಕಿಲೋದಷ್ಟು ತೆಗೆದುಕೊಂಡು, ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ ತಿಕ್ಕಿ, ಮತ್ತೆ ಮಡಚಿ ತಿಕ್ಕಿ. ಚಪಾತಿ ಹಿಟ್ಟಿನಂತೆ ಗುದ್ದಿದರೆ ಸಾಲದು. ಅಂಟಾದ ಪಿಷ್ಟ ಒಣ ಕಣಗಳಿಗೆಲ್ಲ ಸವರಿಕೊಳ್ಳಬೇಕು, ಅದು ತಿಕ್ಕಿದರೆ ಮಾತ್ರ ಆಗುತ್ತದೆ. ಬಿಗಿ ಎನಿಸಿದರೆ ಚೊಂಬಿನ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಉಳಿದ ಮುದ್ದೆಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ.

ಹದ ಗೊತ್ತಾಗುವುದು ಹೀಗೆ: 80 ಗ್ರಾಂನ ಒಂದು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ. ಅಂಚು ನಯವಾಗಿದ್ದರೆ ಹದ ಬಂದಿದೆ. ಬಿರುಕು ಕಂಡರೆ ಒದ್ದೆ ಕೈಯಿಂದ ಮತ್ತೆ ನಾದಿ.

ಹಲಗೆ ಅಥವಾ ಕಟ್ಟೆಯ ಮೇಲೆ ಜೋಳದ ಹಿಟ್ಟನ್ನೇ ಉದುರಿಸಿ, ಉಂಡೆ ಇಟ್ಟು, ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ಹೋಗಿ. ಸುಮಾರು 8 ಅಂಗುಲ ಅಗಲ ಬಂದರೆ ಸಾಕು. ಹೊಸಬರಿಗೆ ಬಡಿಯುವುದು ಬರದಿದ್ದರೆ ಲಟ್ಟಣಿಗೆಯಲ್ಲಿ ಮೆಲ್ಲಗೆ ಲಟ್ಟಿಸಬಹುದು. ಎಸರಿನ ಹಿಟ್ಟು ಸರಿಯಾಗಿದ್ದರೆ ಅದು ಲಟ್ಟಣಿಗೆಗೂ ಬಗ್ಗುತ್ತದೆ. ಹಿಟ್ಟು ಸರಿಯಾಗಿದೆಯೇ ಎಂದು ತಿಳಿಯಲು ಇದೂ ಒಂದು ಪರೀಕ್ಷೆ.

ಹಂಚು ದಪ್ಪ ಕಬ್ಬಿಣದ್ದಿರಲಿ. ನಾಲ್ಕು ಹನಿ ನೀರು ಚಿಮುಕಿಸಿದರೆ ಕುಣಿದು ಆರಿಹೋಗುವಷ್ಟು ಕಾದಿರಬೇಕು. ರೊಟ್ಟಿಯ ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ಬಿಡಿ ಹಿಟ್ಟೆಲ್ಲ ಈ ನೀರಿನಲ್ಲಿ ಬೆಂದು ತೆಳು ಪದರವಾಗುತ್ತದೆ, ಆವಿಯನ್ನು ತಡೆಯುವುದು ಅದೇ. ನೀರು ಆರುತ್ತಿದ್ದಂತೆ, ಪೂರ್ತಿ ಒಣಗುವ ಮೊದಲೇ, ತಿರುವಿ ಹಾಕಿ. ಈ ಬದಿ ಚೆನ್ನಾಗಿ ಬೇಯಲಿ. ಕೊನೆಗೆ ಮೊದಲು ಹಂಚಿಗೆ ತಾಗಿದ್ದ ಬದಿಯನ್ನು ನೇರ ಉರಿಗೆ ಹಿಡಿದರೆ ರೊಟ್ಟಿ ಪೂರ್ತಿ ಉಬ್ಬುತ್ತದೆ.

ಉಪ್ಪು, ಸೋಡಾ, ಯೀಸ್ಟ್, ಎಣ್ಣೆ ಯಾವುದೂ ಬೇಡ. ಹಿಟ್ಟು, ನೀರು, ಬೆಂಕಿ ಇಷ್ಟೇ.

ಕೆಟ್ಟರೆ ಕಾರಣ ಏನು?

ಅಂಚು ಒಡೆಯುತ್ತದೆ: ಎಸರು ಸರಿಯಾಗಿ ಕುದ್ದಿಲ್ಲ, ನಾದಿದ್ದು ಸಾಲದು, ಅಥವಾ ಹಿಟ್ಟು ಹಳೆಯದು. ಈ ಕ್ರಮದಲ್ಲೇ ನೋಡುತ್ತ ಹೋಗಿ.

ಉಬ್ಬುವುದಿಲ್ಲ: ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದೆ. ಅಥವಾ ನೀರು ಸವರಲು ತಡವಾಗಿದೆ. ಅಥವಾ ಎಲ್ಲೋ ತೂತು ಬಿದ್ದಿದೆ.

ಹಂಚಿಗೆ ಅಂಟುತ್ತದೆ: ಹಂಚು ಕಾದಿಲ್ಲ, ಇಲ್ಲವೇ ಹಿಟ್ಟಿನಲ್ಲಿ ನೀರು ಹೆಚ್ಚಾಗಿದೆ.

ಬಿಳಿ ಬಿಳಿ ಪುಡಿ ಉಳಿಯುತ್ತದೆ: ಬಡಿಯುವಾಗ ಹಿಟ್ಟು ಹೆಚ್ಚು ಉದುರಿಸಿದ್ದೀರಿ, ನೀರು ಎಲ್ಲ ಕಡೆ ತಾಗಿಲ್ಲ.

ಎರಡನೇ ಕಂತಿನಲ್ಲಿ ಮಾತ್ರ ಒಡೆಯುತ್ತದೆ: ಒಮ್ಮೆಗೇ ಹತ್ತು ಕಿಲೋ ಕಲಸಿಟ್ಟಿದ್ದೀರಿ. ಕಲಸಿದ ಹಿಟ್ಟು ಆರಿದಂತೆ ಪಿಷ್ಟ ಮತ್ತೆ ಗಟ್ಟಿಯಾಗುತ್ತದೆ. ಎಷ್ಟೇ ದೊಡ್ಡ ಆರ್ಡರ್ ಇದ್ದರೂ 2 ಕಿಲೋ ಲೆಕ್ಕದಲ್ಲೇ ಎಸರಿಡಿ.

ಎಲೆಗೆ ಬರುವಷ್ಟರಲ್ಲಿ ಬಿರುಸಾಗುತ್ತದೆ: ಇದಕ್ಕೂ ಪಿಷ್ಟವೇ ಕಾರಣ. ಬೆಂದ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಸುತ್ತಿಡಿ. ಸ್ಟೀಲ್ ಡಬ್ಬಿಯಲ್ಲಿ ಹಾಗೆಯೇ ಮುಚ್ಚಿದರೆ ಆವಿ ನೀರಾಗಿ ಇಳಿದು ರೊಟ್ಟಿ ತೊಯ್ಯುತ್ತದೆ. ಬಟ್ಟೆಯಲ್ಲಿಟ್ಟರೂ ಅರ್ಧ ಗಂಟೆಯೊಳಗೆ ಬಡಿಸುವುದು ಒಳ್ಳೆಯದು.

ಆರ್ಡರ್ ಒಪ್ಪಿಕೊಳ್ಳುವ ಮೊದಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ರೊಟ್ಟಿಯ ಆರ್ಡರಿನಲ್ಲಿ ಹಾಸಿಗೆ ಎಂದರೆ ಬಡಿಯುವ ಕೈಗಳು. ನಮ್ಮ ಅಡುಗೆಮನೆಯ ಅನುಭವದಲ್ಲಿ ಒಬ್ಬರು ಬಡಿದು, ಒಬ್ಬರು ಎರಡು ಹಂಚಿನಲ್ಲಿ ಬೇಯಿಸಿದರೆ ಗಂಟೆಗೆ ಸುಮಾರು 60 ರೊಟ್ಟಿ ಆಗುತ್ತವೆ. ಅನ್ನವೂ ಇರುವ ಊಟಕ್ಕೆ ತಲೆಗೆ ಒಂದೂವರೆ ರೊಟ್ಟಿ ಲೆಕ್ಕ ಹಿಡಿಯುತ್ತೇವೆ. 200 ಜನರಿಗೆ 300 ರೊಟ್ಟಿ, 15 ಕಿಲೋ ಹಿಟ್ಟು. ಒಂದು ಜೋಡಿಗೆ ಅದು ಐದು ಗಂಟೆಯ ಕೆಲಸ. ಊಟ ನಡೆಯುವುದು ಎರಡು ಗಂಟೆ. ಹಾಗಾಗಿ ಮೂರು ಜೋಡಿ ಇಲ್ಲದೆ 200 ಜನರ ಬಿಸಿ ರೊಟ್ಟಿಯ ಆರ್ಡರನ್ನು ನಾವು ಒಪ್ಪುವುದಿಲ್ಲ.

2019ರ ನಮ್ಮ ತಪ್ಪಿನ ಬೇರೂ ಇಲ್ಲೇ ಇತ್ತು. ಗೋಧಿ ಬೆರೆಸಿದ್ದು ಆ ಹೊತ್ತಿನ ಅವಸರ ನಿಜ. ಆದರೆ ಕೈ ಇಲ್ಲದಿದ್ದರೂ ಆರ್ಡರ್ ಇಟ್ಟುಕೊಂಡದ್ದು ಅದಕ್ಕೂ ಮೊದಲಿನ ತಪ್ಪು. ಅಂದೇ ಮನೆಯವರಿಗೆ ಫೋನ್ ಮಾಡಿ, "ನಮ್ಮ ರೊಟ್ಟಿಯವರು ಊರಿಗೆ ಹೋಗಿದ್ದಾರೆ, ಚಪಾತಿ ಮಾಡಲೇ?" ಎಂದು ಕೇಳಿದ್ದರೆ ಅವರು ಒಪ್ಪುತ್ತಿದ್ದರು.

ಬಡಿಯುವ ಅಕ್ಕಂದಿರ ಬಗ್ಗೆಯೂ ಎರಡು ಮಾತು. ಇದು ಬೆಂಕಿಯ ಮುಂದಿನ, ಭುಜ ಮತ್ತು ಮಣಿಕಟ್ಟು ಸೋಲುವ ಕೆಲಸ. ನೆಲದ ಮೇಲೆ ಕೂರಲು ಆಗದವರಿಗೆ ಸೊಂಟದ ಎತ್ತರದ ಕಟ್ಟೆ ಕೊಡಿ. ಗಾಳಿ, ಕುಡಿಯುವ ನೀರು ಹತ್ತಿರವಿರಲಿ. ಗಂಟೆಗೊಮ್ಮೆ ಬಡಿಯುವವರು, ಬೇಯಿಸುವವರು ಜಾಗ ಬದಲಿಸಿಕೊಳ್ಳಲಿ. ಸಾಮಾನ್ಯ ಸಹಾಯಕರ ಕೂಲಿಯನ್ನೇ ಇವರಿಗೂ ಕೊಟ್ಟು, ಸಮಯಕ್ಕೆ ಯಾರೂ ಸಿಗುವುದಿಲ್ಲ ಎಂದು ದೂರುವುದು ಸರಿಯಲ್ಲ. ಕೊಟೇಶನ್ನಿನಲ್ಲಿ ರೊಟ್ಟಿಯ ದರವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಈ ಕೈಕೆಲಸಕ್ಕೆ ಬೆಲೆ ಇದೆ ಎಂಬುದು ಗಿರಾಕಿಗೂ ತಿಳಿಯಲಿ.

ಕೈ ಕಡಿಮೆ ಇದ್ದರೆ ಖಡಕ್ ರೊಟ್ಟಿ

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಜನ ಲಕ್ಷಗಟ್ಟಲೆ ರೊಟ್ಟಿಗಳನ್ನು ಮನೆಯಲ್ಲೇ ಮಾಡಿ ತಂದುಕೊಡುತ್ತಾರೆ. ಅಷ್ಟು ರೊಟ್ಟಿಯನ್ನು ಊಟದ ಹೊತ್ತಿಗೆ ಬಿಸಿ ಬಿಸಿಯಾಗಿ ಬಡಿಯಲು ಯಾರಿಂದಲೂ ಆಗದು. ಮೊದಲೇ ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿಟ್ಟ ಖಡಕ್ ರೊಟ್ಟಿ ಇರುವುದರಿಂದಲೇ ಇದು ಸಾಧ್ಯ. ನೀರಿನ ಅಂಶ ಹೋಗಿರುವುದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ.

ನಮಗೂ ಇದು ಒಳ್ಳೆಯ ದಾರಿ. ಅದೇ ಹಿಟ್ಟಿನ ಉಂಡೆಯನ್ನು ಇನ್ನೂ ತೆಳ್ಳಗೆ ಬಡಿದು, ಎರಡೂ ಬದಿ ಬೇಯಿಸಿ, ಸಣ್ಣ ಉರಿಯ ಹಂಚಿನ ಮೇಲೆ ಒತ್ತುತ್ತ ಗರಿಯಾಗುವವರೆಗೆ ಒಣಗಿಸಿ. ಪೂರ್ತಿ ಆರಿದ ಮೇಲೆಯೇ ಮುಚ್ಚಿಡಿ. ಮುಂಬಯಿ, ಚೆನ್ನೈಯ ತೇವದ ಗಾಳಿಗೆ ಅದು ಮೆತ್ತಗಾಗದಂತೆ ಗಾಳಿಯಾಡದ ಡಬ್ಬಿ ಬೇಕು. ಊಟಕ್ಕೆ ಎರಡು ಮೂರು ದಿನ ಮೊದಲೇ ಮಾಡಿಟ್ಟರೆ ಆ ದಿನದ ಗಡಿಬಿಡಿ ಇಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಖಡಕ್ ರೊಟ್ಟಿ ಮಾಡಿ ಮಾರುತ್ತವೆ. ಅವರಿಂದ ತರಿಸಿಕೊಂಡರೂ ಆದೀತು. ಮೆನುವಿನಲ್ಲಿ ಮಾತ್ರ "ಖಡಕ್ ರೊಟ್ಟಿ" ಎಂದೇ ಬರೆಯಿರಿ.

"ಇದರಲ್ಲಿ ಗೋಧಿ ಇದೆಯಾ?" ಎಂದು ಕೇಳಿದಾಗ

ಗೋಧಿ ಬೆರೆಸುವುದೇ ಅಪರಾಧ ಎಂದು ನಾವು ಹೇಳುತ್ತಿಲ್ಲ. ಜೋಳ ಗೋಧಿಯ ಮಿಶ್ರ ರೊಟ್ಟಿ ಮೆತ್ತಗೆ, ಚೆನ್ನಾಗಿಯೇ ಇರುತ್ತದೆ. ಅದನ್ನು ಮಿಶ್ರ ರೊಟ್ಟಿ ಎಂದು ಕರೆದು ಬಡಿಸಿ. ಜೋಳದ ರೊಟ್ಟಿ ಎಂದು ಬರೆದು ಗೋಧಿ ಹಾಕುವುದು ಮಾತ್ರ ಬೇಡ.

ಸೀಲಿಯಾಕ್ ಎಂಬುದು ಬರೀ ಅಜೀರ್ಣವಲ್ಲ. ಗ್ಲುಟೆನ್ ಒಳಹೊಕ್ಕರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಗೋಧಿ, ಮೈದಾ, ರವೆ, ಜವೆಗೋಧಿಗಳನ್ನು ಜೀವನಪೂರ್ತಿ ಬಿಡುವುದೇ ಅದಕ್ಕೆ ಚಿಕಿತ್ಸೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಗ್ಲುಟೆನ್ ರಹಿತ ಎಂದು ಹೇಳಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಕಿಲೋದಲ್ಲಿ 20 ಮಿಲಿಗ್ರಾಂ ಎಂದರೆ ಕಣ್ಣಿಗೆ ಕಾಣದಷ್ಟು. ಎರಡು ಬೊಗಸೆ ಹೋಗಲಿ, ಗೋಧಿ ಹಿಟ್ಟು ಮೆತ್ತಿದ ಲಟ್ಟಣಿಗೆಯೂ ಅದನ್ನು ಮೀರಿಸಬಹುದು.

ಆದ್ದರಿಂದ ನಮ್ಮ ಅಡುಗೆಮನೆಯಲ್ಲಿ ಈಗ ಈ ಕ್ರಮ ಇಟ್ಟುಕೊಂಡಿದ್ದೇವೆ:

1. ಆರ್ಡರ್ ಬರೆದುಕೊಳ್ಳುವಾಗಲೇ ಕೇಳುತ್ತೇವೆ: "ನಿಮ್ಮ ಅತಿಥಿಗಳಲ್ಲಿ ಗೋಧಿ, ಶೇಂಗಾ, ಹಾಲು ಇಂಥದ್ದು ಆಗದವರು ಇದ್ದಾರೆಯೇ?"

2. ಅಂಥವರು ಇದ್ದರೆ ಜೋಳವನ್ನು ಆರಿಸಿ, ತೊಳೆದು ಒಣಗಿಸಿ, ಗೋಧಿ ಮುಟ್ಟದ ನಮ್ಮದೇ ಸಣ್ಣ ಯಂತ್ರದಲ್ಲಿ ಬೀಸುತ್ತೇವೆ. ಗಿರಣಿಯ ಹಿಟ್ಟು ಬಳಸುವುದಿಲ್ಲ.

3. ಅವರ ರೊಟ್ಟಿಗೆ ಪರಾತ, ಹಲಗೆ, ಬಟ್ಟೆ, ಹಂಚು, ಬುಟ್ಟಿ ಎಲ್ಲ ಬೇರೆ. ಅದೇ ಕೋಣೆಯಲ್ಲಿ ಚಪಾತಿ ಹಿಟ್ಟು ಹಾರುತ್ತಿದ್ದರೆ ರೊಟ್ಟಿಯನ್ನು ಎಲ್ಲಕ್ಕಿಂತ ಮೊದಲು ಮಾಡಿ ಮುಚ್ಚಿಡುತ್ತೇವೆ.

4. ಇಷ್ಟೆಲ್ಲ ಮಾಡಲು ಅನುಕೂಲವಿಲ್ಲದ ಕಡೆ, "ನಮ್ಮಲ್ಲಿ ಗೋಧಿಯ ಕೆಲಸವೂ ನಡೆಯುತ್ತದೆ, ಖಾತ್ರಿ ಕೊಡಲಾಗದು" ಎಂದು ನೇರವಾಗಿ ಹೇಳುತ್ತೇವೆ.

5. ಪ್ರತಿ ಊಟಕ್ಕೂ ಮೊದಲು ಬಡಿಸುವವರನ್ನು ಕೂರಿಸಿ ಯಾವುದರಲ್ಲಿ ಏನಿದೆ ಎಂದು ಹೇಳುತ್ತೇವೆ. ಗೊತ್ತಿಲ್ಲದಿದ್ದರೆ "ಕೇಳಿ ಬಂದು ಹೇಳ್ತೇನೆ" ಎನ್ನಬೇಕು, ಊಹಿಸಿ ಹೇಳಬಾರದು ಎಂಬುದು ಕಟ್ಟುನಿಟ್ಟು.

ಜೋಳ ಕೂಡುತ್ತಲೇ ಇಲ್ಲ, ಕೈ ಹೊಸದು ಎನ್ನುವವರಿಗೆ ಒಂದು ಉಪಾಯ ಇದೆ. ಗೋಧಿಯ ಬದಲು ಅಕ್ಕಿ ಹಿಟ್ಟಿನ ಸ್ವಲ್ಪ ಗಂಜಿಯನ್ನು ಎಸರಿನಲ್ಲೇ ಕಾಯಿಸಿ, ಅದಕ್ಕೆ ಜೋಳದ ಹಿಟ್ಟು ಹಾಕಿ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಅಂಟು ಇದೆ. ಆದರೆ ಕೇಳಿದವರಿಗೆ ಅದನ್ನೂ ಹೇಳಬೇಕು. ಸಕ್ಕರೆ ಕಾಯಿಲೆ ಇರುವವರು ಅಕ್ಕಿ ಬೇಡವೆಂದೇ ಜೋಳ ಕೇಳಿರಬಹುದು.

ಕೊನೆಯದಾಗಿ

ಆ ಪುಣೆಯ ಮನೆಯವರು 2022ರಲ್ಲಿ ಮಗಳ ಸೀಮಂತಕ್ಕೆ ಮತ್ತೆ ನಮ್ಮನ್ನೇ ಕರೆದರು. ಆ ಹುಡುಗ ಅಷ್ಟರಲ್ಲಿ ಎತ್ತರ ಬೆಳೆದಿದ್ದ. ಅವನ ರೊಟ್ಟಿಯನ್ನು ಅಕ್ಕ ಬೇರೆ ಹಂಚಿನಲ್ಲಿ ತಾವೇ ಬಡಿದು, ಬೇರೆ ಬುಟ್ಟಿಯಲ್ಲಿ ತಂದು ಅವನ ತಾಯಿಯ ಕೈಗೆ ಕೊಟ್ಟರು. "ಅವ್ವಾ, ಜೋಳ, ನೀರು, ಮತ್ತೇನೂ ಇಲ್ರೀ" ಎಂದರು. ಆ ತಾಯಿ ಒಮ್ಮೆ ನಮ್ಮ ಕಡೆ ನೋಡಿದರು. ನಾವು ತಲೆಯಾಡಿಸಿದೆವು. ಆಮೇಲೆ ಅವರು ಮಗನಿಗೆ ಬಡಿಸಿದರು.

ಸದಸ್ಯರು ಮೊದಲು 2 ಕಿಲೋ ಹಿಟ್ಟಿನಲ್ಲಿ ಮಾಡಿ ನೋಡಿ, ಕೈ ಕುದುರಿದ ಮೇಲೆ ಆರ್ಡರಿಗೆ ಇಳಿಯಬೇಕಾಗಿ ವಿನಂತಿ. ತಮ್ಮ ಊರಿನ ನೀರು, ಹವೆ, ಹಿಟ್ಟಿಗೆ ತಕ್ಕಂತೆ ಅಳತೆಯಲ್ಲಿ ಬದಲಾವಣೆ ಕಂಡುಬಂದರೆ ಬರೆದು ತಿಳಿಸಿ, ಉಳಿದವರಿಗೂ ಉಪಯೋಗವಾಗುತ್ತದೆ.